ಕಲ್ಲಿನ ವೇಷ ಹಾಕಿದ ಸಿಮೆಂಟು

ಈಜುಕೊಳದ ಸುತ್ತಲಿನ ಹಳೆಯ ಕಾಂಕ್ರೀಟು ಬಿಸಿಲು, ಕ್ಲೋರಿನ್ನುಗಳ ಕಾಟಕ್ಕೆ ಸಿಪ್ಪೆಯೆದ್ದಾಗ ಅದನ್ನು ಒಡೆಯದೆ ಓವರ್‌ಲೇ, ಅಂದರೆ ಸಿಮೆಂಟು, ಸಣ್ಣ ಮರಳು ಮತ್ತು ಅಂಟು ಹಿಡಿಸುವ ಪಾಲಿಮರು ಕಲಸಿದ ಕೆಲವೇ ಮಿಲಿಮೀಟರು ದಪ್ಪದ ಹೊದಿಕೆಯನ್ನು ಬಳಿದು, ಹಸಿಯಿರುವಾಗಲೇ ಅಚ್ಚೊತ್ತಿ, ಬಣ್ಣ ಕೊಟ್ಟು, ಕಲ್ಲುಹಾಸಿನಂತೆ ಕಾಣಿಸುವ ಪದ್ಧತಿಯುಂಟು. ಹಳೆಯ ಮೈಯನ್ನು ಉಜ್ಜಿ ಒರಟು ಮಾಡದಿದ್ದರೆ ಹೊಸ ಪದರವು ಹಪ್ಪಳದಂತೆ ಎದ್ದು ಬರುತ್ತದೆ. ತಳವೇ ಕುಸಿಯುತ್ತಿದ್ದರಂತೂ ಹಳೆಯ ಬಿರುಕು ಮೇಲೆ ಬಂದು ಹಾಜರಿ ಹಾಕುತ್ತದೆ.

ಗದಗ ಜಿಲ್ಲೆಯ ಹರ್ತಿ ಎಂಬ ಹಳ್ಳಿಯ ಸೀಮೆಯಲ್ಲಿ ಈ ವಿದ್ಯೆಗೆ ಗಿರಾಕಿ ಸಿಗುವುದು ಕಷ್ಟ, ಏಕೆಂದರೆ ಅದೇ ಜಿಲ್ಲೆಯ ಲಕ್ಕುಂಡಿಯಲ್ಲಿ, ಮಾಣಿಕೇಶ್ವರ ಗುಡಿಯ ಮಗ್ಗುಲ ಮುಸುಕಿನ ಬಾವಿಗೆ ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳು ನಿಜವಾದ ಕಲ್ಲನ್ನೇ ಮೆಟ್ಟಿಲಾಗಿ ಜೋಡಿಸಿ, ಪಕ್ಕಗಳಲ್ಲಿ ಗೂಡುಗುಡಿಗಳನ್ನೂ ಕೂರಿಸಿ ಹೋಗಿದ್ದಾರೆ. ಕಲ್ಲಾಗಲು ಸಿಮೆಂಟು ಪಡುವ ಪಾಡನ್ನು ಕಂಡು ಅವರು ನಕ್ಕರೂ, ಕಾಲು ಜಾರದಂತೆ ಮೇಲ್ಮೈಗೆ ಮರಳು ಉದುರಿಸುವ ಉಪಾಯವನ್ನು ಮಾತ್ರ ಗುಟ್ಟಾಗಿ ಬರೆದುಕೊಳ್ಳುತ್ತಿದ್ದರೇನೋ.