ಮನಸ್ಸು ಬಂದಮೇಲೆ ಏಳುತ್ತೇನೆ ಎನ್ನುವವರಿಗೆ

“ಈ ಚಳೀಲಿ ಯಾವುದಕ್ಕೂ ಮನಸ್ಸೇ ಬರ್ತಿಲ್ಲ ರೀ.”

ಡಿಸೆಂಬರ್ ಕಾಲಿಟ್ಟಿತೆಂದರೆ ಸಂಕ್ರಾಂತಿ ಮುಗಿಯುವವರೆಗೂ ಬೆಂಗಳೂರಿನಲ್ಲಿ ಯಾರನ್ನು ಮಾತಾಡಿಸಿದರೂ ಇದೇ ರಾಗ. ಹಾಡುವವರ ಅವತಾರ ನೋಡಬೇಕು: ಬನಿಯನ್ನಿನ ಮೇಲೆ ಸ್ವೆಟರ್, ಸ್ವೆಟರಿನ ಮೇಲೆ ಶಾಲು, ಕತ್ತಿಗೆ ಮಫ್ಲರ್, ತಲೆಗೆ ಮಂಕಿ ಟೋಪಿ. ಹೊರಗೆ ಕಾಣುವುದು ಮೂಗೊಂದೇ. ಅದೂ ಕಾಫಿ ಸೋಸುವ ವಾಸನೆ ಯಾವ ಮನೆಯಿಂದ ಬರುತ್ತಿದೆ ಎಂದು ಪತ್ತೆ ಹಚ್ಚುವ ಸಲುವಾಗಿ. ಇಷ್ಟೆಲ್ಲ ಆದಮೇಲೆ ಹವೆ ನೋಡಿದರೆ 16 ಡಿಗ್ರಿ! ಈ ಊರಿನ ದಾಖಲೆಯ ಚಳಿ 7.8 ಡಿಗ್ರಿ, ಅದು ಬಂದದ್ದು 1884ರ ಜನವರಿ 13ರಂದು. ಆ ಬೆಳಿಗ್ಗೆ ನಡುಗಿದವರು ಯಾರೂ ಈಗ ಸಾಕ್ಷಿ ಹೇಳಲು ಉಳಿದಿಲ್ಲವಾದ್ದರಿಂದ, “ಇಂಥಾ ಚಳಿ ನಾನು ಹುಟ್ಟಿದಾಗಿನಿಂದ ಕಂಡಿಲ್ಲ” ಎಂದು ವರ್ಷ ವರ್ಷವೂ ಹೇಳಲು ಯಾರ ಅಡ್ಡಿಯೂ ಇಲ್ಲ. ಬೀದರಿನವರು ಯಾರಾದರೂ ಪಕ್ಕದಲ್ಲಿ ನಿಂತಿದ್ದರೆ ಮಾತ್ರ ಸ್ವಲ್ಪ ಹುಷಾರು. “ಇದಕ್ಕ ಚಳಿ ಅಂತೀರೇನ್ರೀ?” ಎಂದು ಮಾನ ಕಳೆದುಬಿಡುತ್ತಾರೆ.

ಮೈ ನಡುಗಿದರೆ ಚಳಿಯನ್ನು ಬೈಯಿರಿ, ನನ್ನ ತಕರಾರಿಲ್ಲ. ಆದರೆ ಮನಸ್ಸು ಮಂಕಾಯಿತು, ಕೆಲಸ ಕೈಗೆ ಹತ್ತುತ್ತಿಲ್ಲ ಎಂದು ಚಳಿಯ ಮೇಲೆ ದೂರು ಬರೆಸಬೇಕಾದರೆ ಒಂದಿಷ್ಟು ಅರ್ಹತೆ ಬೇಡವೆ? ಅರ್ಹತೆ ಇರುವವನು ನನ್ನ ಭಾವಮೈದುನ. ಸ್ಟಾಕ್‌ಹೋಮಿನಲ್ಲಿದ್ದಾನೆ. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಎಂಟೂಮುಕ್ಕಾಲಿಗೆ. ಮೂರು ಗಂಟೆ ಹೊಡೆಯುವ ಮೊದಲೇ ಮುಳುಗಿಯೂ ಆಯಿತು. ಸರ್ಕಾರಿ ಕಚೇರಿಯ ಕೆಲವು ಗುಮಾಸ್ತರು ಕೂಡ ಇದಕ್ಕಿಂತ ಹೆಚ್ಚು ಹೊತ್ತು ಸೀಟಿನಲ್ಲಿರುತ್ತಾರೆ. “ಭಾವ, ಇಲ್ಲಿ ಊಟ ಮುಗಿಸಿ ಕೈ ತೊಳ್ಕೊಳ್ಳೋದ್ರಲ್ಲಿ ಕತ್ತಲಾಗಿರುತ್ತೆ” ಎನ್ನುತ್ತಾನೆ. ಇನ್ನೂ ಮೇಲಕ್ಕೆ, ನಾರ್ವೆಯ ಟ್ರಾಮ್ಸೊಗೆ ಹೋದರೆ ನವೆಂಬರ್ ಕೊನೆಗೆ ಮುಳುಗಿದ ಸೂರ್ಯ ಜನವರಿ ಅರ್ಧ ಕಳೆಯುವವರೆಗೂ ತಲೆ ಎತ್ತುವುದಿಲ್ಲ. ಅಲ್ಲಿನವರು ಬೇಸರ ಎಂದರೆ ನಾವು ಎದ್ದು ನಿಂತು ಒಪ್ಪಬೇಕು.

ನಮ್ಮ ಕಥೆ? ಬೆಂಗಳೂರಿನ ಅತಿ ಚಿಕ್ಕ ಹಗಲು ಹನ್ನೊಂದು ಗಂಟೆಯನ್ನೂ ದಾಟಿ ಇಪ್ಪತ್ತು ನಿಮಿಷಕ್ಕೆ ಮೇಲಿದೆ. ಅತಿ ದೊಡ್ಡ ಹಗಲು ಹದಿಮೂರು ಗಂಟೆ ಮುಟ್ಟುವುದಿಲ್ಲ. ವ್ಯತ್ಯಾಸ ಒಂದೂವರೆ ಗಂಟೆ. ಅಷ್ಟು ಹೊತ್ತು ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತೂ ಬದುಕಿ ಬಂದವರು ನಾವು.

ಚಳಿಗಾಲದ ಬೇಸರಕ್ಕೆ ವೈದ್ಯಶಾಸ್ತ್ರದಲ್ಲಿ ಒಂದು ಪೀಠ ಕೊಡಿಸಿದವರು ನಾರ್ಮನ್ ರೋಸೆಂಥಾಲ್. ದಕ್ಷಿಣ ಆಫ್ರಿಕಾದ ಬಿಸಿಲಿನಲ್ಲಿ ಬೆಳೆದು ಅಮೆರಿಕಕ್ಕೆ ಹೋದ ಮನೋವೈದ್ಯರು. ಅಲ್ಲಿನ ಚಳಿಗಾಲದಲ್ಲಿ ತಮ್ಮ ಹುರುಪೇ ಇಳಿದುಹೋಗುವುದು ಅವರ ಗಮನಕ್ಕೆ ಬಂತು. 1984ರಲ್ಲಿ ಅವರೂ ಜೊತೆಗಾರರೂ ಪ್ರಕಟಿಸಿದ ಪ್ರಬಂಧದಿಂದ ‘ಸೀಸನಲ್ ಅಫೆಕ್ಟಿವ್ ಡಿಸಾರ್ಡರ್’ ಎಂಬ ಕಾಯಿಲೆಯ ಹೆಸರು ಚಾಲ್ತಿಗೆ ಬಂತು. ಅದರ ಲಕ್ಷಣಗಳು ಹೀಗೆ: ನಿದ್ದೆ ಜಾಸ್ತಿ, ಸಿಹಿಯ ಮೇಲೆ, ಹಿಟ್ಟಿನ ತಿಂಡಿಗಳ ಮೇಲೆ ಆಸೆ, ಮೈ ಭಾರ, ಯಾರ ಮುಖವೂ ಬೇಡ. ಈ ಪಟ್ಟಿಯನ್ನು ಓದಿಹೇಳಿದ ಕೂಡಲೇ ನಮ್ಮ ಬೀದಿಯ ಮೇಷ್ಟ್ರು “ಅಯ್ಯೋ, ಇದು ನನ್ನ ಜಾತಕವೇ!” ಎಂದರು. ಅವರ ಮನೆಯಾಕೆ ಒಳಗಿನಿಂದಲೇ, “ಅವೆಲ್ಲ ನಿಮಗೆ ಏಪ್ರಿಲ್‌ನಲ್ಲೂ ಇದ್ವು” ಎಂದರು. ಕಾಯಿಲೆ ಅಲ್ಲಿಗೇ ವಾಸಿಯಾಯಿತು.

ಮರ್ಮ ಇರುವುದು ಬೆಳಕಿನಲ್ಲಿ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ಮಿದುಳಿನ ಗಡಿಯಾರಕ್ಕೆ ಹಗಲಾಯಿತೆಂದು ಗೊತ್ತಾಗುತ್ತದೆ. ಮೆಲಟೋನಿನ್ ಎಂಬ ರಾತ್ರಿಪಾಳಿಯ ಹಾರ್ಮೋನು ಡ್ಯೂಟಿ ಮುಗಿಸಿ ಇಳಿಯುತ್ತದೆ. ಬೆಳಕೇ ಬೀಳದಿದ್ದರೆ ಗಡಿಯಾರ ತಡವಾಗುತ್ತದೆ, ಮನಸ್ಸೂ ತಡವಾಗುತ್ತದೆ. ಅದಕ್ಕೇ ಹಗಲು ಕಡಿಮೆಯಿರುವ ಆ ದೇಶಗಳಲ್ಲಿ 10,000 ಲಕ್ಸ್ (ಲಕ್ಸ್ ಎಂದರೆ ಬೆಳಕಿನ ಅಳತೆ) ಬೆಳಕಿನ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟುಕೊಂಡು ಬೆಳಿಗ್ಗೆ ಅರ್ಧ ಗಂಟೆ ಅದರ ಮುಂದೆ ಕೂರುತ್ತಾರೆ. ನನ್ನ ಭಾವಮೈದುನನೂ ಒಂದು ತಂದಿದ್ದಾನೆ. ವೀಡಿಯೊ ಕಾಲ್‌ನಲ್ಲಿ ನೋಡಿದ ನಮ್ಮತ್ತೆಗೆ ಮಗ ಅಲ್ಲಿ ಟ್ಯೂಬ್‌ಲೈಟ್ ಪೂಜೆ ಶುರುಮಾಡಿದ್ದಾನೆಂದು ಗಾಬರಿ.

ಈಗ ನಮ್ಮ ಬುಡಕ್ಕೇ ಬರೋಣ. ಆಫೀಸಿನ ದೀಪಗಳಿಂದ ಮೇಜಿನ ಮೇಲೆ ಬೀಳುವ ಬೆಳಕು ಸಾಮಾನ್ಯವಾಗಿ 300ರಿಂದ 500 ಲಕ್ಸ್. ಮೋಡ ಕವಿದ ಹಗಲಿನಲ್ಲೂ ಹೊರಗೆ ಸಾವಿರಾರು ಲಕ್ಸ್ ಇರುತ್ತದೆ. ಬಿಸಿಲಿದ್ದರೆ ಹತ್ತಾರು ಸಾವಿರ. ಸ್ಟಾಕ್‌ಹೋಮಿನವನು ದುಡ್ಡು ಕೊಟ್ಟು ತರಿಸುವ ಸರಕು ನಮ್ಮ ಟೆರೇಸಿನ ಮೇಲೆ, ಅದೂ ಸಂಡಿಗೆ ಒಣಹಾಕುವ ಜಾಗದಲ್ಲಿ, ಪುಕ್ಕಟೆ ಸುರಿಯುತ್ತಿದೆ. ನಾವು ಎಲ್ಲಿದ್ದೇವೆ? ರಾತ್ರಿ ಒಂದು ಗಂಟೆಯವರೆಗೆ ಮೊಬೈಲ್ ಉಜ್ಜಿ, ಬೆಳಿಗ್ಗೆ ಕಿಟಕಿಗೆ ದಪ್ಪ ಪರದೆ ಎಳೆದು ಮಲಗಿ, ಎದ್ದವರೇ ಕಪ್ಪು ಗಾಜಿನ ಕ್ಯಾಬಿನಲ್ಲಿ ಕೂತು, ಬೇಸ್‌ಮೆಂಟಿನಲ್ಲಿ ಇಳಿದು, ಲಿಫ್ಟಿನಲ್ಲಿ ಏರಿ, ಎಸಿ ಹಾಲಿನಲ್ಲಿ ಸಂಜೆ ಮಾಡಿ, ಕತ್ತಲಾದ ಮೇಲೆ ಹೊರಗೆ ಬಂದು “ಏನ್ ಗ್ಲೂಮಿ ಆಗಿದೆ ಅಲ್ವಾ ವೆದರ್?” ಎನ್ನುತ್ತೇವೆ. ಬೆಂಗಳೂರಿನ ಹವೆಯದು ಇದರಲ್ಲಿ ಏನು ತಪ್ಪು? ಸ್ವಂತ ಖರ್ಚಿನಲ್ಲಿ ಒಂದು ಸ್ಟಾಕ್‌ಹೋಮ್ ಕಟ್ಟಿಕೊಂಡು ಅದರೊಳಗೆ ವಾಸಿಸುತ್ತಿರುವವರು ನಾವು.

ನಾರ್ವೆಯಲ್ಲಿ ರ್‍ಯೂಕನ್ ಎಂಬ ಊರಿದೆ. ಕಣಿವೆಯ ತಳದಲ್ಲಿರುವುದರಿಂದ ವರ್ಷಕ್ಕೆ ಸುಮಾರು ಆರು ತಿಂಗಳು ಅಲ್ಲಿಗೆ ನೇರ ಬಿಸಿಲೇ ಇಳಿಯುವುದಿಲ್ಲ. 2013ರಲ್ಲಿ ಊರಿನವರು ಬೆಟ್ಟದ ಮೇಲೆ ಮೂರು ದೊಡ್ಡ ಕನ್ನಡಿಗಳನ್ನು ನಿಲ್ಲಿಸಿದರು. ಸೂರ್ಯ ಸರಿದಂತೆ ಕನ್ನಡಿಯೂ ತಿರುಗುತ್ತದೆ, ಊರ ಚೌಕದ ಮೇಲೆ ಒಂದು ತುಂಡು ಬಿಸಿಲು ಬೀಳುತ್ತದೆ. ಜನ ಕುರ್ಚಿ ತಂದು ಅದರಲ್ಲಿ ಕೂರುತ್ತಾರೆ. ಅಲ್ಲಿ ಬಿಸಿಲು ತರಿಸಲು ಕನ್ನಡಿ. ಇಲ್ಲಿ ಬಂದ ಬಿಸಿಲನ್ನು ತಡೆಯಲು ಪರದೆ, ಅದರಲ್ಲೂ ಸೋಫಾಕ್ಕೆ ಮ್ಯಾಚ್ ಆಗುವ ಪರದೆ!

ಹಿಂದಿನವರಿಗೆ ಲಕ್ಸು ಗಿಕ್ಸು ಗೊತ್ತಿರಲಿಲ್ಲ. ಆದರೆ ಮನುಷ್ಯನ ಜಾತಿ ಚೆನ್ನಾಗಿ ಗೊತ್ತಿತ್ತು. ಈ ಪ್ರಾಣಿ ಚಳಿಯಲ್ಲಿ ಉಪದೇಶಕ್ಕೆ ಏಳುವುದಿಲ್ಲ, ಊಟಕ್ಕೆ ಏಳುತ್ತದೆ. ಸ್ವೀಡನ್ನಿನವರು ಡಿಸೆಂಬರ್ 13ರಂದು ಲೂಸಿಯಾ ಹಬ್ಬ ಮಾಡುತ್ತಾರೆ. ನಸುಕಿನ ಕತ್ತಲಲ್ಲಿ ಬಿಳಿ ಉಡುಪಿನ ಮಕ್ಕಳು ದೀಪ ಹಿಡಿದು ಹಾಡುತ್ತಾ ಬರುತ್ತಾರೆ, ಜೊತೆಗೆ ಕೇಸರಿ ಹಾಕಿದ ಬನ್ನು, ಬಿಸಿ ಕಾಫಿ. ಅದಾಗಿ ಎರಡು ಮೂರು ದಿನಕ್ಕೆ ನಮ್ಮಲ್ಲಿ ಧನುರ್ಮಾಸ. ಸೂರ್ಯ ಹುಟ್ಟುವ ಮೊದಲೇ ಪೂಜೆ ಮುಗಿಯಬೇಕು ಎಂಬ ಕಟ್ಟಳೆ. ಮದುವೆ ಮುಂಜಿ ಇಲ್ಲದ ತಿಂಗಳು, ಜನ ಮನೆಯಲ್ಲಿ ಮುದುರಿಕೊಳ್ಳಲು ಒಳ್ಳೆಯ ನೆಪ. ಅಂಥವರನ್ನು ಐದು ಗಂಟೆಗೆ ದೇವಸ್ಥಾನದ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ನಿಲ್ಲಿಸುವುದೆಂದರೆ ಹುಡುಗಾಟವೆ? ನಿಲ್ಲಿಸಿದ್ದು ಹುಗ್ಗಿ! ದೊನ್ನೆಗೆ ಬಿದ್ದಾಗ ಅದರಿಂದ ಹಬೆ ಏಳುತ್ತಿರಬೇಕು. ಅಕ್ಕಿ ಯಾವುದು ಹೆಸರುಬೇಳೆ ಯಾವುದು ಗೊತ್ತಾಗದಷ್ಟು ಬೆಂದಿರಬೇಕು. ಮೊದಲ ತುತ್ತಿಗೆ ತುಪ್ಪ, ಎರಡನೆಯದಕ್ಕೆ ಶುಂಠಿ, ಮೂರನೆಯದಕ್ಕೆ ಇಡೀ ಮೆಣಸು ಹಲ್ಲಿಗೆ ಸಿಕ್ಕಿ ಕಿವಿಯವರೆಗೆ ಬಿಸಿ. ಕೈಗೆ ಅಂಟಿದ ತುಪ್ಪ ನೆಕ್ಕಿ ಹೊರಗೆ ಬರುವಷ್ಟರಲ್ಲಿ ಗೋಪುರದ ಮೇಲೆ ಬಿಸಿಲು. ದೇವರಿಗೂ ಆಯಿತು, ಹೊಟ್ಟೆಗೂ ಆಯಿತು, ಗೊತ್ತಿಲ್ಲದಂತೆ ಮಿದುಳಿನ ಗಡಿಯಾರಕ್ಕೆ ಕೀಲಿಯೂ ಕೊಟ್ಟಾಯಿತು. ಉತ್ತರ ಕರ್ನಾಟಕದವರು ಇನ್ನೂ ಜಾಣರು. ಎಳ್ಳಮಾವಾಸ್ಯೆಗೆ ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೇ ಹೋಗಿಬಿಡುತ್ತಾರೆ. ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಿ, ಬಿಸಿಲಲ್ಲಿ ಕೂತು ಉಂಡು ಬರುವವರ ಹತ್ತಿರ ಬೇಸರ ಯಾವ ಧೈರ್ಯದ ಮೇಲೆ ಬಂದೀತು?

ಊಟವಾಯಿತು, ಕೆಲಸ? ಅದಕ್ಕೆ ಅವರೆಕಾಯಿ ಇದೆ. ಹಿತಕಿದ ಬೇಳೆ ಮಾಡುವ ದಿನ ನಮ್ಮ ಮನೆಯ ಜಗಲಿಗೆ ಬನ್ನಿ. ಮಾಗಡಿ ಕಡೆಯ ಸೊಗಡಿನ ಕಾಯಿ, ಮುಟ್ಟಿದರೆ ಬೆರಳಿಗೆ ಎಣ್ಣೆ. ಸುಲಿದ ಕಾಳನ್ನು ನೆನೆಹಾಕಿದ್ದಾರೆ. ಅತ್ತೆ, ಪಕ್ಕದ ಮನೆಯ ಆಂಟಿ, ಮೇಲ್ಮನೆಯ ಬಾಣಂತಿ, ಎಲ್ಲರ ಮುಂದೂ ಒಂದೊಂದು ತಟ್ಟೆ. ಹೆಬ್ಬೆರಳು ತೋರುಬೆರಳಿನ ನಡುವೆ ಕಾಳು ಹಿಡಿದು ಒತ್ತಿದರೆ ಸಿಪ್ಪೆ ಕೈಯಲ್ಲಿ, ಬೇಳೆ ತಟ್ಟೆಯಲ್ಲಿ. ಜೋರಾಗಿ ಒತ್ತಿದರೆ ಬೇಳೆ ಪಕ್ಕದಲ್ಲಿ ಪೇಪರ್ ಓದುತ್ತಿರುವ ಮೇಷ್ಟ್ರ ಮಫ್ಲರಿನೊಳಗೆ. ಯಾರ ಸೊಸೆ ಯಾರ ಜೊತೆ ಮಾತು ಬಿಟ್ಟಳು ಎಂಬ ವಿಚಾರ ಬೇಳೆಗಿಂತ ಬೇಗ ಬಿಚ್ಚಿಕೊಳ್ಳುತ್ತಿರುತ್ತದೆ. ಇವರಲ್ಲಿ ಒಬ್ಬರಾದರೂ ಬೆಳಿಗ್ಗೆ “ನನಗಿವತ್ತು ಮೂಡಿಲ್ಲ” ಎಂದಿದ್ದರೋ ಏನೋ. ಆದರೆ ಎರಡು ಸೇರು ಕಾಳು ಹಿತಕಿ ಎದ್ದಾಗ ಯಾರಿಗೂ ಅದು ನೆನಪಿರುವುದಿಲ್ಲ. ಕೈಗೆ ಕೆಲಸ, ಬೆನ್ನಿಗೆ ಬಿಸಿಲು, ಬಾಯಿಗೆ ಮಾತು. ಮನಸ್ಸು ಬರಲಿ ಎಂದು ಕಾಯದೆ ಸಣ್ಣ ಕೆಲಸವೊಂದನ್ನು ಮೊದಲು ಶುರುಮಾಡಿಸುವುದು ಮನೋವೈದ್ಯರ ಚಿಕಿತ್ಸೆಗಳಲ್ಲೂ ಒಂದು. ‘ಬಿಹೇವಿಯರಲ್ ಆ್ಯಕ್ಟಿವೇಶನ್’ ಎನ್ನುತ್ತಾರೆ. ನಮ್ಮತ್ತೆ ಅದನ್ನು “ಸುಮ್ನೆ ಕೂತಿದ್ದೀಯಲ್ಲ, ಬಾ ಇಲ್ಲಿ” ಎನ್ನುತ್ತಾರೆ. ಫೀಸಿಲ್ಲ.

ಇಷ್ಟು ಹೊತ್ತು ಸುತ್ತಿ ಬಳಸಿ ನಾನು ಹೇಳಲು ಹೊರಟಿದ್ದು ಇದೇ. ಮನಸ್ಸು ಬಂದಮೇಲೆ ಎದ್ದವರು ಯಾರೂ ಇಲ್ಲ. ಎದ್ದಮೇಲೆ ಮನಸ್ಸು ಬಂದವರು ಬೇಕಾದಷ್ಟಿದ್ದಾರೆ. ಹಾಲಿನವನನ್ನು ನೋಡಿ. ನಾಲ್ಕು ಗಂಟೆಗೆ ಕೆ.ಆರ್. ಮಾರ್ಕೆಟ್ಟಿನಲ್ಲಿ ಸೇವಂತಿಗೆ ಬುಟ್ಟಿ ಇಳಿಸುವವರನ್ನು ನೋಡಿ. ಮಂಜಿನಲ್ಲೇ ಬೀದಿ ಗುಡಿಸುವ ಪೌರಕಾರ್ಮಿಕರನ್ನು ನೋಡಿ. ಅವರಿಗೂ ಬೇಸರವಾಗುತ್ತದೆ. ಆ ಬೇಸರದ ಮೇಲೆ ಹರಟೆ ಬರೆಯುವವರಿಲ್ಲ, ಅಷ್ಟೇ. ನಮಗೋ, ಹುರುಪು ಬರಿಸಿಕೊಳ್ಳಲಿಕ್ಕೇ ಒಂದು ವೀಡಿಯೊ ಬೇಕು. ‘ಬೆಳಿಗ್ಗೆ ಐದಕ್ಕೆ ಏಳುವುದು ಹೇಗೆ’ ಎಂಬುದನ್ನು ರಾತ್ರಿ ಹನ್ನೆರಡೂವರೆಗೆ ನೋಡುತ್ತೇವೆ. ಜನವರಿ 1ಕ್ಕೆ ಜಿಮ್ಮಿಗೆ ವರ್ಷದ ಫೀಸು ಕಟ್ಟಿ, ಸಂಕ್ರಾಂತಿಗೆ ಎಳ್ಳುಬೆಲ್ಲದ ಜೊತೆ ಸಂಕಲ್ಪವನ್ನೂ ಹಂಚಿ ಕೈ ತೊಳೆದುಕೊಳ್ಳುತ್ತೇವೆ.

ಜಿಮ್ಮು ಕಾಯುವುದಿಲ್ಲ, ಮನುಷ್ಯರು ಕಾಯುತ್ತಾರೆ. ಅದೇ ಗುಟ್ಟು. ಲಾಲ್‌ಬಾಗಿನಲ್ಲಿ ಬೆಳಿಗ್ಗೆ ಸುತ್ತು ಹಾಕುವ ನಿವೃತ್ತರ ತಂಡಗಳನ್ನು ಗಮನಿಸಿ. ಒಬ್ಬರು ಬರದಿದ್ದರೆ ಉಳಿದವರು ಫೋನ್ ಮಾಡಿ, “ಏನ್ ಸ್ವಾಮಿ, ಇದ್ದೀರೋ ಹೋದ್ರೋ?” ಎಂದು ವಿಚಾರಿಸುತ್ತಾರೆ. ಈ ಪ್ರಶ್ನೆಗೆ ಹೆದರಿಯೇ ಅರ್ಧ ಜನ ಹಾಸಿಗೆ ಬಿಡುತ್ತಾರೆ. ಉಳಿದರ್ಧ ಜನ ನಡಿಗೆ ಮುಗಿದಮೇಲಿನ ಖಾಲಿ ದೋಸೆಗಾಗಿ. ನಡೆದು ಕರಗಿಸಿದ್ದಕ್ಕಿಂತ ಒಂದು ದೋಸೆ ಹೆಚ್ಚೇ ತಿಂದು ಬರುತ್ತಾರೆ, ನಿಜ. ಆದರೆ ಮುಖ ನೋಡಿ, ಮಂಕು ಹುಡುಕಿದರೂ ಸಿಗುವುದಿಲ್ಲ.

ಇಲ್ಲೊಂದು ಕಡೆ ತಮಾಷೆ ಬಿಟ್ಟು ಮಾತಾಡಬೇಕು. ನಾನು ಇಷ್ಟು ಹೊತ್ತು ಕಾಲೆಳೆದದ್ದು ಸೋಮಾರಿ ಬೇಸರವನ್ನು. ಇನ್ನೊಂದಿದೆ. ಎರಡು ವಾರ ದಾಟಿದರೂ ಮನಸ್ಸು ಮೇಲೇಳದೆ, ಇಷ್ಟವಾದದ್ದೂ ರುಚಿಸದೆ, ನಿದ್ದೆ ಊಟ ಕೆಟ್ಟು, ಬದುಕೇ ಬೇಡ ಎನ್ನಿಸುವಂಥದ್ದು. ಅದಕ್ಕೆ ಚಳಿಗಾಲ ಬೇಸಿಗೆಗಾಲ ಇಲ್ಲ. ಅಂಥವರಿಗೆ “ಎದ್ದು ಒಂದ್ ವಾಕ್ ಹೋಗಿ ಬಾ, ಸರಿಹೋಗುತ್ತೆ” ಎನ್ನುವುದು ಮುರಿದ ಕಾಲಿನವನಿಗೆ ಓಡು ಎಂದಂತೆ. ಅವರ ಪಕ್ಕ ಕೂರಿ, ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಔಷಧ ತೆಗೆದುಕೊಳ್ಳುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಬಿಪಿ ಮಾತ್ರೆಯ ಡಬ್ಬಿಯನ್ನು ಊಟದ ಮೇಜಿನ ಮೇಲೇ ಇಟ್ಟುಕೊಳ್ಳುವ ಜನ ನಾವು.

ಉಳಿದವರು, ಅಂದರೆ ಏಪ್ರಿಲ್‌ನಲ್ಲೂ ಹೀಗೇ ಇದ್ದ ನಾವೆಲ್ಲ, ಒಂದು ಕೆಲಸ ಮಾಡೋಣ. ನಾಳೆ ಏಳೂವರೆಗೆ ಹೊರಗೆ ಬನ್ನಿ. ದೊಡ್ಡ ಸಂಕಲ್ಪ ಬೇಡ, ಸೂರ್ಯನನ್ನು ಗುರಾಯಿಸಿ ನೋಡುವುದೂ ಬೇಡ. ಕಾಫಿ ಲೋಟ ಹಿಡಿದು ಅರ್ಧ ಗಂಟೆ ಬಿಸಿಲಲ್ಲಿ ನಿಂತರೆ ಸಾಕು. ಬರುವ ಮೊದಲು ಪಕ್ಕದ ಮನೆಯವರಿಗೂ ಒಂದು ಕೂಗು ಹಾಕಿ, ಕಾಯುವವರೊಬ್ಬರು ಸಿಕ್ಕಿದಂತಾಗುತ್ತದೆ. ಬೇಸರ ಬಿಟ್ಟು ಬರಲು ಆಗದಿದ್ದರೆ ಚಿಂತೆಯಿಲ್ಲ, ಜೊತೆಗೇ ಕರೆದುಕೊಂಡು ಬನ್ನಿ. ಅದಕ್ಕೂ ಸ್ವಲ್ಪ ಬಿಸಿಲು ಕಾಣಬೇಕಾಗಿದೆ.