ಕ್ಯಾಚ್‌ಮೆಂಟ್ ರಾಯರು

ಇಂಗ್ಲೆಂಡಿನಲ್ಲಿ ಕೆಲಸ ಖಾತ್ರಿಯಾದ ರಾತ್ರಿ ಬೇರೆಯವರು ಪೌಂಡನ್ನು ರೂಪಾಯಿಗೆ ಗುಣಿಸುತ್ತ ಕೂರುತ್ತಾರೆ. ನಮ್ಮ ರಾಯರು ನಕ್ಷೆ ಬಿಚ್ಚುತ್ತಾರೆ. ಆಫೀಸು ಹುಡುಕುವುದಕ್ಕಲ್ಲ, ಅದು ಲಂಡನ್ನಿನಲ್ಲೇ ಎಲ್ಲೋ ಇದ್ದೀತು. ಅವರು ಹುಡುಕುವುದು ಯುಕೆಜಿ ಓದುತ್ತಿರುವ ಮಗನಿಗೊಂದು ಶಾಲೆ. ಅವರ ನಿಜವಾದ ಹೆಸರು ಕೇಳಬೇಡಿ. ಜಯನಗರದಲ್ಲೂ ವೈಟ್‌ಫೀಲ್ಡಿನಲ್ಲೂ ಅವರಂಥವರು ಬೀದಿಗೊಬ್ಬರು. ರೆಡಿಂಗ್, ಸ್ಲೌ, ಮಿಲ್ಟನ್ ಕೀನ್ಸ್ ಕಡೆಯ ಕನ್ನಡದ ಮನೆಗಳಲ್ಲಿ ‘ಕ್ಯಾಚ್‌ಮೆಂಟ್ ರಾಯರು’ ಎಂದರೆ ಸಾಕು, ಒಳಗಿನಿಂದ ನಗು ಕೇಳಿಸುತ್ತದೆ.

ಬೆಂಗಳೂರಿನಲ್ಲಿ ಸೀಟು ಹಿಡಿಯುವ ವಿದ್ಯೆಯಲ್ಲಿ ರಾಯರು ಪಳಗಿದ ಕೈ. ಬೆಳಗಿನ ಜಾವ ಅರ್ಜಿಯ ಸಾಲಿನಲ್ಲಿ ನಿಂತವರು. ಡೊನೇಷನ್ ಕೊಟ್ಟು ‘ಕಟ್ಟಡ ನಿಧಿ’ ಎಂಬ ರಸೀದಿ ಪಡೆದವರು. ಷಡ್ಡಕನ ಕಡೆಯಿಂದ ಶಾಸಕರೊಬ್ಬರ ಪತ್ರ ತರಿಸಿ ಬೀರುವಿನಲ್ಲಿ ಇಟ್ಟುಕೊಂಡವರು. ಇಂಗ್ಲೆಂಡಿನಲ್ಲಿ ಶಾಲೆಯ ಸೀಟು ಹಂಚುವ ಸ್ಥಳೀಯ ಕೌನ್ಸಿಲ್ಲಿನ ಮುಂದೆ ಈ ಅಸ್ತ್ರಗಳಲ್ಲಿ ಒಂದೂ ನಾಟುವುದಿಲ್ಲ. ಸರ್ಕಾರಿ ಶಾಲೆಗೆ ಫೀಸಿಲ್ಲ, ಮಗುವಿಗೆ ಇಂಟರ್‌ವ್ಯೂ ಇಲ್ಲ. ಸೀಟಿಗಿಂತ ಅರ್ಜಿ ಹೆಚ್ಚಾದರೆ ಸರ್ಕಾರದ ಆರೈಕೆಯಲ್ಲಿರುವ ಮಕ್ಕಳು ಮೊದಲು. ಅಣ್ಣನೋ ಅಕ್ಕನೋ ಅದೇ ಶಾಲೆಯಲ್ಲಿದ್ದರೆ ಅಂಥ ಮಕ್ಕಳಿಗೂ ಸಾಮಾನ್ಯವಾಗಿ ಆದ್ಯತೆ. ಮಿಕ್ಕವರ ಹಣೆಬರಹ ಮನೆಗೂ ಶಾಲೆಗೂ ಇರುವ ದೂರ. ಅದನ್ನೂ ಅನೇಕ ಕೌನ್ಸಿಲ್ಲುಗಳು ನೇರ ಗೆರೆ ಎಳೆದು ಅಳೆಯುತ್ತವೆ. ವಶೀಲಿಯೇ ಇಲ್ಲದ ದೇಶ ಉಂಟೇ ಎಂದು ರಾಯರು ಮೂರು ದಿನ ಊಟ ಬಿಟ್ಟರು. ನಾಲ್ಕನೆಯ ದಿನ ಸ್ಕೇಲು ಹಿಡಿದರು.

“ಅಡುಗೆಮನೆ ಎಷ್ಟು ದೊಡ್ಡದಿದೆಯಂತೆ ರೀ?”

“ಶಾಲೆಗೆ 340 ಮೀಟರ್.”

“ಬಿಸಿಲಾದರೂ ಬೀಳುತ್ತಾ?”

“ಇನ್ನೊಂದು ಶಾಲೆಗೆ 610.”

ಮನೆಯವರು ಆಮೇಲೆ ಏನನ್ನೂ ಕೇಳಲಿಲ್ಲ. ಪಕ್ಕದ ಬೀದಿಯಲ್ಲಿ ಇನ್ನೂರು ಪೌಂಡು ಕಡಿಮೆ ಬಾಡಿಗೆಗೆ ಹಿತ್ತಲಿರುವ ಮನೆಯೇ ಇತ್ತು, ಆದರೆ ಆ ಶಾಲೆಯ ಸೀಟು ಸಿಗುವ ಸರಹದ್ದಿನ, ಅಂದರೆ ‘ಕ್ಯಾಚ್‌ಮೆಂಟ್’ ಗೆರೆಯ ಆಚೆ. ಗೆರೆಯ ಈಚೆಯ ಮನೆಯಿಂದ ರಾಯರು ಆಫೀಸಿಗೆ ಎರಡು ರೈಲು ಬದಲಿಸಬೇಕು. ಬದಲಿಸುತ್ತಾರೆ.

ಒಂದು ಕಡೆ ಮಾತ್ರ ಅವರನ್ನು ಕಂಡು ನಗುವ ಹಾಗಿಲ್ಲ. ಬಾಡಿಗೆ ಕರಾರು ತೋರಿಸಿ, ಅರ್ಜಿ ನೋಡೋಣ ಎನ್ನುತ್ತದೆ ಕೌನ್ಸಿಲ್. ಸೀಟು ಖಾತ್ರಿಯಾಗಲಿ, ಕರಾರಿಗೆ ಸಹಿ ಹಾಕುತ್ತೇನೆ ಎನ್ನುತ್ತಾರೆ ರಾಯರು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಹೊರದೇಶದಿಂದ ನಡುವರ್ಷದಲ್ಲಿ ಬಂದಿಳಿಯುವ ಯಾವ ಸಂಸಾರಕ್ಕೂ ಇದು ತಪ್ಪಿದ್ದಲ್ಲ.

ಶಾಲೆಗಳನ್ನು ತಪಾಸಣೆ ಮಾಡುವ ಆಫ್‌ಸ್ಟೆಡ್ ಎಂಬ ಸಂಸ್ಥೆಯೇ ರಾಯರ ಪಂಚಾಂಗ. ವರದಿ ಎಷ್ಟೇ ಪುಟವಿರಲಿ, ಅವರು ಓದುತ್ತಿದ್ದುದು ಒಂದೇ ಪದ: ‘ಔಟ್‌ಸ್ಟ್ಯಾಂಡಿಂಗ್’. ಆ ಪದ ಗಳಿಸಿದ ಶಾಲೆಗಳಿಗೆ 2012ರಿಂದ 2020ರವರೆಗೆ ವಾಡಿಕೆಯ ತಪಾಸಣೆಯಿಂದಲೇ ವಿನಾಯಿತಿ ಇತ್ತು. ಹಾಗಾಗಿ ರಾಯರು ಮೆಚ್ಚಿ ಪ್ರಿಂಟ್ ಹಾಕಿಸಿದ್ದ ವರದಿ 2009ರದು. ಅದು ಹೊಗಳಿದ ಹೆಡ್‌ಮಿಸ್ ನಿವೃತ್ತರಾಗಿದ್ದರು, ಅಂದು ಚೆನ್ನಾಗಿ ಓದುತ್ತಿದ್ದ ಮಕ್ಕಳು ಈಗ ನೌಕರಿ ಹುಡುಕುತ್ತಿದ್ದರು. 2024ರ ಸೆಪ್ಟೆಂಬರಿನಲ್ಲಿ ಸರ್ಕಾರ ಒಂದೇ ಪದದ ಶ್ರೇಣಿಯನ್ನು ತೆಗೆದುಹಾಕಿತು. ರಾಯರ ಮನೆಯಲ್ಲಿ ಅಂದು ಒಲೆ ಹೊತ್ತಲಿಲ್ಲ. “ಇನ್ನು ಮೇಲೆ ವರದಿ ಓದಬೇಕಲ್ಲೋ!”

ಇಂಗ್ಲೆಂಡಿನ ಪ್ರಾಥಮಿಕ ಶಾಲೆಗಳಲ್ಲಿ ಸುಮಾರು ಕಾಲುಭಾಗ ಚರ್ಚ್ ಆಫ್ ಇಂಗ್ಲೆಂಡಿನವು, ಅವುಗಳಲ್ಲಿ ಕೆಲವು ಚರ್ಚಿಗೆ ತಪ್ಪದೆ ಬರುವವರಿಗೆ ಆದ್ಯತೆ ಕೊಡುತ್ತವೆ ಎಂದು ತಿಳಿದಾಗ ಮಂತ್ರಾಲಯದ ಪರಮಭಕ್ತರಾದ ರಾಯರು ಕ್ಯಾಲೆಂಡರ್ ನೋಡಿದರು. “ನಮ್ಮದು ಗುರುವಾರ, ಅವರದು ಭಾನುವಾರ. ಕ್ಲ್ಯಾಶ್ ಏನಿಲ್ಲ.” ಅವರ ತಾಯಿ ಬಸವನಗುಡಿಯಿಂದ ಫೋನಿನಲ್ಲೇ ತಡೆದರು.

ಕೊನೆಗೆ ಏನಾಯಿತು? ಐದರಿಂದ ಏಳು ವರ್ಷದ ಮಕ್ಕಳ ತರಗತಿಯಲ್ಲಿ ಒಬ್ಬ ಟೀಚರಿಗೆ ಮೂವತ್ತಕ್ಕಿಂತ ಹೆಚ್ಚು ಮಕ್ಕಳಿರಬಾರದೆಂದು ಕಾನೂನು. 340 ಮೀಟರಿನ ಶಾಲೆ ತುಂಬಿತ್ತು. ರಾಯರ ಎಕ್ಸೆಲ್ ಹಾಳೆಯಲ್ಲೇ ಇಲ್ಲದ ಶಾಲೆಯೊಂದರಲ್ಲಿ ಕೌನ್ಸಿಲ್ ಜಾಗ ಕೊಟ್ಟಿತು. ಯುಕೆಜಿಯ ಹುಡುಗ ವಯಸ್ಸಿನ ಲೆಕ್ಕದಲ್ಲಿ ಇಯರ್ ಒನ್‌ಗೆ ಹೋದ. “ಡಬಲ್ ಪ್ರಮೋಷನ್” ಎಂದು ಊರಿಗೆಲ್ಲ ವಾಟ್ಸಾಪ್ ಹೋಯಿತು. ಹುಡುಗನಂತೂ ದಿನವೂ ಬೂಟಿನ ತುಂಬ ಕೆಸರು ಹೊತ್ತು ಖುಷಿಯಾಗಿ ಬರುತ್ತಾನೆ. ಅಪ್ಪನಿಗೆ ಅದೇ ಅನುಮಾನ.

ಪೇರೆಂಟ್ಸ್ ಈವ್ನಿಂಗಿನಲ್ಲಿ ಸಿಕ್ಕಿದ್ದು ಹತ್ತು ನಿಮಿಷ. ಎಷ್ಟನೇ ರ್‍ಯಾಂಕ್ ಎಂದು ಕೇಳಿದರು. ನಿಮ್ಮ ಮಗ ಗೆಳೆಯರನ್ನು ತುಂಬ ಪ್ರೀತಿಯಿಂದ ನೋಡಿಕೊಳ್ಳುತ್ತಾನೆ ಎಂದರು ಟೀಚರ್. ರಾಯರ ಎದೆ ಧಸಕ್ಕೆಂದಿತು. “ಗಣಿತದಲ್ಲಿ ಏನೋ ಎಡವಟ್ಟಾಗಿದೆ ಕಣೇ, ಬಾಯಿಬಿಟ್ಟು ಹೇಳುತ್ತಿಲ್ಲ” ಎಂದು ದಾರಿಯುದ್ದಕ್ಕೂ ಕೊರಗಿದರು.

ರಾಯರು ಮತ್ತೆ ಚೇತರಿಸಿಕೊಂಡದ್ದು ಇಲೆವನ್ ಪ್ಲಸ್ ಸುದ್ದಿ ಕಿವಿಗೆ ಬಿದ್ದ ಮೇಲೆ. ಇಂಗ್ಲೆಂಡಿನಲ್ಲಿ ‘ಗ್ರಾಮರ್’ ಎಂಬ ಮಾಧ್ಯಮಿಕ ಶಾಲೆಗಳು ಇನ್ನೂ 163 ಇವೆ. ಕೆಂಟ್, ಬಕಿಂಗ್‌ಹ್ಯಾಮ್‌ಶೈರ್, ಸ್ಲೌ ಕಡೆ ಅವುಗಳ ಭರಾಟೆ ಹೆಚ್ಚು. ಹತ್ತು ವರ್ಷದ ಮಕ್ಕಳು ಈ ಇಲೆವನ್ ಪ್ಲಸ್ ಪರೀಕ್ಷೆ ಬರೆದೇ ಒಳಗೆ ಹೋಗಬೇಕು. ಪರೀಕ್ಷೆ! ಟ್ಯೂಷನ್! ಮಾಕ್ ಟೆಸ್ಟ್! ಏಳು ಸಮುದ್ರ ದಾಟಿ ಬಂದ ಮೇಲೆ ಅವರಿಗೆ ಅಂತೂ ಬೆಂಗಳೂರು ಸಿಕ್ಕಿತು. ಈಗ ಸ್ಲೌ ಕಡೆ ಮನೆ ನೋಡುತ್ತಿದ್ದಾರೆ. ಮಗ ಈ ಶಾಲೆಯ ಗೆಳೆಯರನ್ನು ಬಿಟ್ಟು ಬರುವುದಿಲ್ಲ ಎಂದಿದ್ದಾನಂತೆ. ಎಕ್ಸೆಲ್ ಹಾಳೆಯಲ್ಲಿ ಅದಕ್ಕೆ ಕಾಲಂ ಇಲ್ಲ.

ನೀವೂ ಇಂಗ್ಲೆಂಡಿಗೆ ಹೊರಟಿದ್ದರೆ ಕೇಳಿ: ಸೆಪ್ಟೆಂಬರಿನಲ್ಲಿ ಪ್ರಾಥಮಿಕ ಶಾಲೆ ಶುರುಮಾಡುವ ಮಗುವಿನ ಅರ್ಜಿಗೆ ಆ ವರ್ಷದ ಜನವರಿ 15 ಕೊನೆಯ ದಿನ, ಮಾಧ್ಯಮಿಕಕ್ಕೆ ಅದರ ಹಿಂದಿನ ಅಕ್ಟೋಬರ್ 31. ನಡುವರ್ಷದಲ್ಲಿ ಹೋದರೆ ಅಲ್ಲಿಯ ಕೌನ್ಸಿಲ್ಲನ್ನು ವಿಚಾರಿಸಿ. ರಾಯರನ್ನು ಮಾತ್ರ ವಿಚಾರಿಸಬೇಡಿ. ಮೊದಲು ನಿಮ್ಮ ಪೋಸ್ಟ್‌ಕೋಡ್ ಕೇಳುತ್ತಾರೆ. ಹೇಳಿದಿರೋ, ಆ ಭಾನುವಾರ ನಿಮ್ಮ ಕೈಬಿಟ್ಟಿತು.