ಪುಕ್ಕಟೆ ಚಿತ್ರಮೀಮಾಂಸೆ

ಇನ್ನು ಪುಕ್ಕಟೆಯ ವಿಚಾರ. ಶಾಸ್ತ್ರವೆಂದ ಮೇಲೆ ವಿಷಯ, ಅಧಿಕಾರಿ, ಸಂಬಂಧ, ಪ್ರಯೋಜನ ನಾಲ್ಕನ್ನೂ ಮೊದಲೇ ಹೇಳಬೇಕಷ್ಟೆ. ವಿಷಯ: ಇಂಗ್ಲೆಂಡಿನ ಪೋರ್ಟ್ಸ್‌ಮತ್ತಿನಲ್ಲಿ 'ಮೈ ಡಾಗ್ ಸೈಸ್' ಎಂಬ ಅಂಕಿತದ ಕಲಾವಿದ ಹುಟ್ಟುಹಾಕಿದ 'ಫ್ರೀ ಆರ್ಟ್ ಫ್ರೈಡೇ'. ಅಧಿಕಾರಿ: ದಾರಿಹೋಕ. ಸಂಬಂಧ: ಇರಕೂಡದು. ಪ್ರಯೋಜನ: ವಿವಾದಾಸ್ಪದ.

ವಿಧಿ ಸರಳ. ಶುಕ್ರವಾರ ಒಂದು ಚಿತ್ರವನ್ನು ಬೀದಿಯಲ್ಲಿ ಬಿಟ್ಟು ಹೊರಟುಹೋಗುವುದು, ಸಿಕ್ಕಿದವರಿಗೆ ಸಿಕ್ಕಿತು. ಈ ಆಚಾರ್ಯನ ಪ್ರಸಿದ್ಧ ದಾನವಸ್ತು ಜಜ್ಜಿಹೋದ ತಗಡಿನ ಡಬ್ಬ. ಬೀದಿಯಲ್ಲಿ ಸಿಕ್ಕಿದ್ದಕ್ಕೆ ಕಣ್ಣು ಮೂಗು ಬರೆದು ಮತ್ತೆ ಬೀದಿಗೇ ಅರ್ಪಣೆ. ಕಸ ಎಸೆಯುವುದಕ್ಕೂ ದಾನಕ್ಕೂ ನಡುವಿನ ಅಂತರ ಇಲ್ಲಿ ಒಂದು ಮೂಗಿನಷ್ಟು. ಅಮೆರಿಕದ ಅಟ್ಲಾಂಟಾ ಶಾಖೆಯಲ್ಲಿ ಪಾಠಾಂತರವಿದೆ: ಅಡಗಿಸಿಟ್ಟ ಜಾಗದ ಫೋಟೊ ಇನ್‌ಸ್ಟಾಗ್ರಾಂನಲ್ಲಿ ಹಾಕುತ್ತಾರೆ, ಪ್ರತಿಗ್ರಾಹಿ ಓಡೋಡಿ ಬರಬೇಕು.

ಇದಕ್ಕೆ ಮೊದಲ ಪೂರ್ವಪಕ್ಷ ನಮ್ಮ ಅಜ್ಜಿಯರದು. "ಬೀದೀಲಿ ಬಿದ್ದಿದ್ದನ್ನ ಮುಟ್ಟಬೇಡ್ವೋ, ಯಾರೋ ದೃಷ್ಟಿ ತೆಗೆದು ಹಾಕಿರ್ತಾರೆ." ನಿಂಬೆಹಣ್ಣಿಗೆ ಸಲ್ಲುವ ನ್ಯಾಯ ಡಬ್ಬಕ್ಕೂ ಸಲ್ಲಬೇಕು, ಅದರಲ್ಲೂ ಇದು ದೊಡ್ಡ ಕಣ್ಣು ಬಿಟ್ಟುಕೊಂಡು ನಮ್ಮನ್ನೇ ನೋಡುವ ಡಬ್ಬ. ಪೋರ್ಟ್ಸ್‌ಮತ್ ಪಂಥದಲ್ಲಿ ಇದಕ್ಕೆ ಉತ್ತರವಿಲ್ಲ.

ಎರಡನೆಯ ಪೂರ್ವಪಕ್ಷ ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮೋಸ್ ಅವರದು. ಕೊಡಬೇಕು, ಕೊಟ್ಟಿದ್ದನ್ನು ತೆಗೆದುಕೊಳ್ಳಬೇಕು, ತಿರುಗಿ ಕೊಡಬೇಕು: ಉಡುಗೊರೆಗೆ ಈ ಮೂರು ಕಟ್ಟುಗಳೆಂದು ಅವರು 1925ರಲ್ಲಿ ಪ್ರತಿಪಾದಿಸಿದರು. ಮದುವೆಮನೆಯಲ್ಲಿ ಮುಯ್ಯಿ ಬರೆದುಕೊಳ್ಳುತ್ತ ಕೂತವರಿಗೆ ಇದನ್ನು ಪ್ಯಾರಿಸ್ಸಿನಿಂದ ಯಾರೂ ಬಂದು ಹೇಳಬೇಕಾಗಿರಲಿಲ್ಲ, ಇರಲಿ. ತೊಡಕಿರುವುದು ಮೂರನೆಯದರಲ್ಲಿ. ಕೊಟ್ಟವನೇ ನಾಪತ್ತೆಯಾದರೆ ಮುಯ್ಯಿ ತೀರಿಸುವುದು ಯಾರಿಗೆ? ನಮ್ಮ ಊಹೆ ಇದು: ಪಡೆದವನು ನಾಲ್ಕು ದಿನ ಒದ್ದಾಡಿ, ಕೊನೆಗೆ ತಾನೂ ಏನೋ ಒಂದು ಗೀಚಿ, ಇನ್ನೊಬ್ಬ ನಿರಪರಾಧಿ ಓಡಾಡುವ ಜಾಗದಲ್ಲಿಟ್ಟು ಕೈ ತೊಳೆದುಕೊಳ್ಳುತ್ತಾನೆ. ಸಂಪ್ರದಾಯ ಬೆಳೆಯುವುದು ಹೀಗೆ.

ಪುಕ್ಕಟೆಯ ಪರಮಶತ್ರು ಬೆಲೆ ಎಂಬುದಕ್ಕೆ ಅಮೆರಿಕದ ಕಲಾವಿದ ಕೀತ್ ಹೇರಿಂಗ್ ದೃಷ್ಟಾಂತ. ನ್ಯೂಯಾರ್ಕ್ ಸಬ್‌ವೇಯ ಖಾಲಿ ಜಾಹೀರಾತು ಫಲಕಗಳ ಕಪ್ಪು ಕಾಗದದ ಮೇಲೆ 1980ರ ದಶಕದ ಮೊದಲ ವರ್ಷಗಳಲ್ಲಿ ಆತ ಸೀಮೆಸುಣ್ಣದಲ್ಲಿ ಬರೆದದ್ದೆಲ್ಲ ಕಂಡವರದ್ದು. ಹೆಸರು ಬಂತು, ಬೆಲೆ ಬಂತು. ಜನ ಕಿತ್ತುಕೊಂಡು ಹೋಗತೊಡಗಿದರು. ಆತ ಬರೆಯುವುದನ್ನೇ ಬಿಟ್ಟ.

ಹಾಗಾದರೆ ಬೆಲೆ ಎಷ್ಟಿರಬೇಕು? ಇದನ್ನು ನಿರ್ಣಯಿಸಿದ್ದು ಹೆಸರಾಂತ ಬೀದಿ ಕಲಾವಿದ ಬ್ಯಾಂಕ್ಸಿ. 2013ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಬಳಿ ಮುದುಕನೊಬ್ಬನನ್ನು ಕೂರಿಸಿ, ತನ್ನ ಅಸಲಿ ಕ್ಯಾನ್ವಾಸುಗಳನ್ನು ತಲಾ 60 ಡಾಲರಿಗೆ ಮಾರಿಸಿದ. ಮುದುಕ ಆಕಳಿಸಿದ. ದಿನದ ಗಳಿಕೆ 420 ಡಾಲರ್. ಶಿಕಾಗೋದವನೊಬ್ಬ ಹೊಸ ಮನೆಯ ಗೋಡೆಗೆ ಏನಾದರೂ ಬೇಕೆಂದು ನಾಲ್ಕು ಒಯ್ದ. ಆದರೆ ಬೋಣಿ ಮಕ್ಕಳಿಗೆಂದು ಎರಡು ಕೊಂಡ ಒಬ್ಬ ತಾಯಿಯದು. ಆಕೆ ಚೌಕಾಸಿ ಮಾಡಿ ಅರ್ಧಕ್ಕೆ ಇಳಿಸಿದಳು. ಪುಕ್ಕಟೆಯೆಂದರೆ ಅನುಮಾನ, ಪೂರ್ತಿ ಬೆಲೆಯೆಂದರೆ ಸಂಕಟ, ಅರ್ಧಕ್ಕೆ ಸಿಕ್ಕರೆ ಮಾತ್ರ ಮನಶ್ಶಾಂತಿ ಎಂದು ಸಿದ್ಧಾಂತ. ಇದರ ವಿಸ್ತರಣೆಯಾದ 'ರಿಯಾಯಿತಿ ಮೀಮಾಂಸೆ' ಮುಂದಿನ ಸಂಪುಟದಲ್ಲಿ ಬರಲಿದೆ. ಅದಕ್ಕೆ ಬೆಲೆಯುಂಟು, ಕೇಳಿದರೆ ಇಳಿಸಲಾಗುವುದು.